ಮೊಣಕಾಲಿನ ಬೇನೆಯೂ ಸಕ್ಕರೆ ರೋಗದ ಮದ್ದುಗಳೂ
(ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಒಂದು ಪಾಠ)

ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಕೂಟವು ವಾಡಿಕೆಯಂತೆ ಮಹಡಿಯ ಮೇಲಣ ಸಭಾಂಗಣದಲ್ಲಿ ನೆರವೇರಿತು. ಇಪ್ಪತ್ತಾರು ಮೆಟ್ಟಲುಗಳನ್ನು ಹತ್ತಿದರೆ ಸಿಕ್ಕುವ ಆ ಸಭಾಂಗಣವು ಇಲ್ಲಿ ಓದಿದವರಿಗೆಲ್ಲಾ ಪ್ರಿಯವಾದ ಸ್ಥಳವೆಂಬುದನ್ನು ನಾವು ಹೇಳಬೇಕಾದದ್ದಿಲ್ಲ. ಸಭೆಯು ಆರಂಭವಾದ ಮೇಲೆ ನಾವು ಹಾಜರಿ ಪುಸ್ತಕವನ್ನು ನೋಡಲಾಗಿ, ಹೆಸರು ಬರೆದವರಿಗಿಂತ ಎದುರಿಗೆ ಕುಳಿತವರ ಸಂಖ್ಯೆಯು ಹನ್ನೊಂದು ಕಡಮೆಯಾಗಿತ್ತು. ಸಂಗತಿಯೇನೆಂದು ವಿಚಾರಿಸುವದಕ್ಕೆ ನಾವು ಕೆಳಗಿಳಿದು ಬಂದೆವು. ಆ ಹನ್ನೊಂದು ಮಂದಿಯೂ ಕೆಳಗಿನ ಜಗಲಿಯ ಬೆಂಚುಗಳ ಮೇಲೆ ಸಾಲಾಗಿ ಕುಳಿತು, ಮೇಲಿನಿಂದ ಕೇಳಿಬರುತ್ತಿದ್ದ ಹಾಡಿಗೆ ಮೆಲ್ಲನೆ ದನಿಗೂಡಿಸುತ್ತಿದ್ದರು.

ಅವರಲ್ಲೊಬ್ಬರು ನಮಗಿಂತ ಹಿರಿಯರು. ನಾವು ಐದನೆಯ ತರಗತಿಯಲ್ಲಿದ್ದಾಗ ಅವರು ಹತ್ತನೆಯ ತರಗತಿಯಲ್ಲಿದ್ದರು. ಬೋರ್ಡಿಂಗಿನಲ್ಲಿ ಬೆಳಗ್ಗೆ ನಮ್ಮ ಜಡೆಯನ್ನು ಹೆಣೆದವರು ಅವರೇ. ಆ ವರ್ಷದ ಓಟದ ಪಂದ್ಯದಲ್ಲಿ ಬಟ್ಟಲನ್ನು ಗೆದ್ದವರೂ ಅವರೇ. "ಅಕ್ಕಾ, ಮೇಲಕ್ಕೆ ಬರಲಿಲ್ಲವೇಕೆ?" ಎಂದು ಕೇಳಿದೆವು. ಅವರು ನಕ್ಕು, "ಕಾಲು ಕೇಳುವದಿಲ್ಲ, ತಂಗೀ. ಹತ್ತುವದು ಹಾಗಿರಲಿ, ಇಳಿಯುವದೇ ದೊಡ್ಡ ಶಿಕ್ಷೆ. ನಮ್ಮ ಬೀದಿಯಲ್ಲಿ ಒಬ್ಬರು ಸಕ್ಕರೆ ರೋಗಕ್ಕೆಂದು ವಾರಕ್ಕೊಂದು ಸೂಜಿ ಚುಚ್ಚಿಕೊಳ್ಳುತ್ತಾರೆ. ಅದರಿಂದ ಮೈಯೂ ಇಳಿಯುತ್ತದಂತೆ, ಮೊಣಕಾಲಿನ ನೋವೂ ಹೋಗುತ್ತದಂತೆ. ನನಗೂ ಸಕ್ಕರೆ ಇದೆ. ನೀನು ಓದಿದವಳು, ನಿಜವೋ ಸುಳ್ಳೋ ಹೇಳು" ಎಂದರು.

ಆ ದಿನ ನಾವು ಉತ್ತರ ಹೇಳಲಾರದೆ ಹೋದೆವು. ಉಪಾಧ್ಯಾಯಿನಿಗೆ ಅದು ಒಳ್ಳೆಯ ಅನುಭವವಲ್ಲ. ಬಳಿಕ ನಾವು ಓದಿದೆವು. ನಮ್ಮ ವಿದ್ಯಾರ್ಥಿನಿಯರನ್ನು ಪರೀಕ್ಷಿಸಲು ಬರುವ ಡಾಕ್ಟರಮ್ಮನವರನ್ನು ಕೇಳಿ ತಿಳಿದೆವು. ನಾವು ವೈದ್ಯರಲ್ಲ, ಆದುದರಿಂದ ಈ ಪಾಠವನ್ನು ಮದ್ದಿನ ಚೀಟಿಯೆಂದು ಯಾರೂ ಎಣಿಸಬಾರದು. ವೈದ್ಯರ ಮುಂದೆ ಕುಳಿತಾಗ ಏನನ್ನು ಕೇಳಬೇಕೆಂದು ತಿಳಿದವರಾಗಿ ಹೋಗಲೆಂಬುದೇ ಇದರ ಉದ್ದೇಶ.

1. ಮೊಣಕಾಲಿನ ರಚನೆ

ತೊಡೆಯ ಎಲುಬಿನ ಕೆಳತುದಿಯೂ ಮುಂಗಾಲಿನ ಎಲುಬಿನ ಮೇಲ್ತುದಿಯೂ ಸೇರುವಲ್ಲಿ ಮೊಣಕಾಲಿದೆ. ಮುಂದುಗಡೆ ಮಂಡಿಚಿಪ್ಪು ಅದಕ್ಕೆ ಗುರಾಣಿಯಂತಿದೆ. ಎಲುಬಿನ ತುದಿಗಳು ಒಂದನ್ನೊಂದು ಉಜ್ಜದಂತೆ ಅವುಗಳ ಮೇಲೆ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳುಂಟು. ಇವೆಲ್ಲವನ್ನು ಸುತ್ತಿದ ಚೀಲದೊಳಗೆ ಗಾಡಿಯ ಅಚ್ಚಿಗೆ ಹಾಕಿದ ಎಣ್ಣೆಯಂತೆ ಜಿಡ್ಡಾದ ಒಂದು ದ್ರವವಿದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ. ಹಾಗಾದರೆ ಅದಕ್ಕೆ ಆಹಾರವು ಹೇಗೆ ದೊರೆಯುವದು? ನಾವು ಹೆಜ್ಜೆಯಿಟ್ಟಾಗ ಅದು ಒತ್ತಲ್ಪಟ್ಟು, ಹೆಜ್ಜೆಯನ್ನೆತ್ತಿದಾಗ ಹಿಗ್ಗಿ, ನೀರಿನಲ್ಲಿ ಅದ್ದಿದ ಸ್ಪಂಜಿನಂತೆ ಆ ದ್ರವವನ್ನು ಹೀರಿಕೊಳ್ಳುವದು. ಆದುದರಿಂದ ಮಿತವಾದ ನಡಿಗೆಯು ಮೊಣಕಾಲಿಗೆ ಶತ್ರುವಲ್ಲ, ಊಟ. ನೋವೆಂದು ತಿಂಗಳುಗಟ್ಟಲೆ ಕುಳಿತೇ ಇರುವವರು ತಮ್ಮ ಕೀಲನ್ನು ಉಪವಾಸವಿಟ್ಟಂತೆಯೇ ಸರಿ.

ವಯಸ್ಸಿನಿಂದಲೂ, ಹಳೆಯ ಪೆಟ್ಟಿನಿಂದಲೂ, ವಂಶಗುಣದಿಂದಲೂ, ಅತಿಯಾದ ಭಾರದಿಂದಲೂ ಈ ಹೊದಿಕೆಯು ತೆಳ್ಳಗಾಗಿ ಬಿರಿಯುವದು; ಎಲುಬಿನ ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆಗಳಾಗುವವು; ಚೀಲದ ಒಳಪೊರೆಯಲ್ಲಿ ಉರಿಯೂತವುಂಟಾಗಿ ಕೀಲು ಬಾತುಕೊಳ್ಳುವದು. ಇದೇ ಮೊಣಕಾಲಿನ ಸಂಧಿವಾತ. ವೈದ್ಯರು ಇದನ್ನು ಆಸ್ಟಿಯೋಆರ್ಥ್ರೈಟಿಸ್ ಎಂದು ಕರೆಯುವರು. 2020ನೆಯ ಇಸವಿಯಲ್ಲಿ ಲೋಕದಲ್ಲಿ ಸುಮಾರು 59 ಕೋಟಿ 50 ಲಕ್ಷ ಜನರು ಯಾವದಾದರೊಂದು ಕೀಲಿನಲ್ಲಿ ಈ ವ್ಯಾಧಿಯಿಂದ ನರಳುತ್ತಿದ್ದರೆಂದು ಲೆಕ್ಕ ಹಾಕಲ್ಪಟ್ಟಿದೆ. ಅವರಲ್ಲಿ ಹೆಂಗಸರೇ ಹೆಚ್ಚು. ಸವೆದುಹೋದ ಹೊದಿಕೆಯನ್ನು ಮೊದಲಿನಂತೆ ಬೆಳೆಯಿಸುತ್ತದೆಂದು ಸಿದ್ಧವಾದ ಮದ್ದು ಇದುವರೆಗೆ ದೊರೆತಿಲ್ಲವೆಂಬುದನ್ನು ಮೊದಲೇ ತಿಳಿದಿರುವದು ಒಳ್ಳೆಯದು.

2. ಭಾರದ ಲೆಕ್ಕ

ನಮ್ಮ ವಿದ್ಯಾರ್ಥಿನಿಯರಿಗೆ ಲೆಕ್ಕವೆಂದರೆ ಬೇಸರವೆಂದು ನಾವು ಬಲ್ಲೆವು. ಆದರೂ ಒಂದು ಲೆಕ್ಕವನ್ನು ಮಾಡೋಣ. 2005ರಲ್ಲಿ ಅಮೇರಿಕಾದ ಮೆಸಿಯರ್ ಎಂಬ ಪಂಡಿತರೂ ಅವರ ಸಂಗಡಿಗರೂ ಮೊಣಕಾಲಿನ ಸಂಧಿವಾತವುಳ್ಳ ಸ್ಥೂಲಕಾಯರ ನಡಿಗೆಯನ್ನು ಯಂತ್ರಗಳಿಂದ ಅಳೆದು, ದೇಹದ ತೂಕವು ಒಂದು ಪಾಲು ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲಣ ಹೊರೆಯು ನಾಲ್ಕು ಪಾಲು ಇಳಿಯುತ್ತದೆಂದು ಕಂಡುಕೊಂಡರು. ಹಾಗಾದರೆ ಒಬ್ಬಾಕೆಯು ಐದು ಕಿಲೋ ಇಳಿದರೆ ಹೆಜ್ಜೆಗೆ ಇಪ್ಪತ್ತು ಕಿಲೋ ಹೊರೆಯು ತಪ್ಪಿತು. ಅಡಿಗೆಮನೆ, ಹಿತ್ತಲು, ಅಂಗಡಿ ಎಂದು ದಿನಕ್ಕೆ ಐದು ಸಾವಿರ ಹೆಜ್ಜೆಗಳನ್ನು ಆಕೆಯು ಇಡುವದಾದರೆ, ಒಂದೊಂದು ಕಾಲಿನ ಪಾಲಿಗೆ ಎರಡೂವರೆ ಸಾವಿರ ಹೆಜ್ಜೆಗಳು. ಇಪ್ಪತ್ತು ಕಿಲೋವನ್ನು ಎರಡೂವರೆ ಸಾವಿರದಿಂದ ಗುಣಿಸಿದರೆ ಐವತ್ತು ಸಾವಿರ ಕಿಲೋ! ಇಷ್ಟು ಹೊರೆಯು ದಿನದಿನವೂ ಒಂದು ಮೊಣಕಾಲಿಗೆ ಕಡಮೆಯಾಗುವದೆಂದರೆ ಅದು ಸಣ್ಣ ಮಾತೇ?

ಅಮೇರಿಕಾದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ಬಹು ವರ್ಷಗಳಿಂದ ಪರೀಕ್ಷಿಸುತ್ತಾ ಬಂದ ವೈದ್ಯರು 1992ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು ಐದು ಕಿಲೋ ಇಳಿದ ಹೆಂಗಸರಲ್ಲಿ, ನೋವನ್ನುಂಟುಮಾಡುವ ಮೊಣಕಾಲಿನ ಸಂಧಿವಾತವು ಬರುವ ಸಂಭವವು ಅರ್ಧಕ್ಕಿಂತಲೂ ಕಡಮೆಯಾಯಿತು. ಇದು ಯಾವ ಹೊಸ ಮದ್ದೂ ಇಲ್ಲದೆ ತಿಳಿದುಬಂದ ಸತ್ಯ.

3. ಕೊಬ್ಬಿನ ಮತ್ತು ಸಕ್ಕರೆಯ ಕೆಲಸ

ಭಾರವೊಂದೇ ಕಾರಣವಾಗಿದ್ದರೆ ಸ್ಥೂಲಕಾಯರ ಕೈಬೆರಳುಗಳಿಗೆ ಸಂಧಿವಾತವು ಹೆಚ್ಚಾಗಿ ಬರಬೇಕಾದದ್ದಿಲ್ಲ. ಬೆರಳುಗಳ ಮೇಲೆ ಯಾರೂ ನಡೆಯುವದಿಲ್ಲವಷ್ಟೇ. ಆದರೆ ಅವರಲ್ಲಿ ಬೆರಳಿನ ಕೀಲುಗಳಿಗೂ ಅದು ಹೆಚ್ಚಾಗಿ ಬರುತ್ತದೆ. ಇದರಿಂದ ತಿಳಿಯುವದೇನೆಂದರೆ, ದೇಹದ ಕೊಬ್ಬು ಸುಮ್ಮನೆ ಬಿದ್ದಿರುವ ಹೊರೆಯಲ್ಲ. ಅದು ಲೆಪ್ಟಿನ್ ಮೊದಲಾದ ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತಾ ಕೀಲುಗಳಲ್ಲಿ ಉರಿಯೂತಕ್ಕೆ ಇಂಬುಕೊಡುವದು.

ಇನ್ನು ಮಧುಮೇಹದ ಸಂಗತಿ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ಅದು ದೇಹದ ನಾರುಗಳಿಗೆ ಅಂಟಿಕೊಂಡು ಅವುಗಳನ್ನು ಬಿರುಸುಮಾಡುವದು. ಮೃದ್ವಸ್ಥಿಯ ನಾರುಗಳೂ ಹೀಗೆಯೇ ಬಿರುಸಾಗಿ ಸುಲಭವಾಗಿ ಬಿರಿಯುವವು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದರು. ಆದುದರಿಂದ ಸಕ್ಕರೆಯೂ ಮೊಣಕಾಲೂ ಒಂದೇ ಮನೆಯಲ್ಲಿ, ಅನೇಕ ವೇಳೆ ಒಬ್ಬರೇ ತಾಯಿಯಲ್ಲಿ, ಕೂಡಿಯೇ ಕಾಣುವದು ಆಶ್ಚರ್ಯವಲ್ಲ.

4. ವಾರದ ಸೂಜಿಮದ್ದು ಎಲ್ಲಿಂದ ಬಂತು?

ಊಟಮಾಡಿದ ಮೇಲೆ ನಮ್ಮ ಕರುಳು ಜಿ.ಎಲ್.ಪಿ.-1 ಎಂಬ ಚೋದಕ ದ್ರವ್ಯವನ್ನು ರಕ್ತಕ್ಕೆ ಬಿಡುವದು. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡುವಂತೆ ಮಾಡುವದು, ಜಠರವು ಬರಿದಾಗುವದನ್ನು ನಿಧಾನಿಸುವದು, ಮಿದುಳಿಗೆ "ಸಾಕು" ಎಂದು ಹೇಳುವದು. ಆದರೆ ಅದರ ಆಯುಸ್ಸು ಕೆಲವೇ ನಿಮಿಷಗಳು. ಅಷ್ಟು ಬೇಗ ಕರಗಿಹೋಗುವ ವಸ್ತುವನ್ನು ಮದ್ದಾಗಿ ಉಪಯೋಗಿಸುವದು ಹೇಗೆ?

ಈ ಪ್ರಶ್ನೆಯ ಉತ್ತರದಲ್ಲಿ ಹೆಂಗಸರ ಕೈವಾಡವಿರುವದರಿಂದ ನಮ್ಮ ಶಾಲೆಯವರು ಅದನ್ನು ತಿಳಿಯಲೇಬೇಕು. ಸ್ವೆಟ್ಲಾನಾ ಮೊಯ್ಸೋವ್ ಎಂಬ ರಸಾಯನಶಾಸ್ತ್ರಜ್ಞೆಯು 1980ರ ದಶಕದಲ್ಲಿ ಅಮೇರಿಕಾದ ಬಾಸ್ಟನ್ ನಗರದಲ್ಲಿ ಈ ದ್ರವ್ಯದ ಕ್ರಿಯಾಶಕ್ತಿಯುಳ್ಳ ರೂಪವು ಯಾವದೆಂದು ತೋರಿಸಿಕೊಟ್ಟವರಲ್ಲಿ ಮುಖ್ಯಳು. ಬಹು ವರ್ಷ ಆಕೆಯ ಹೆಸರು ಮರೆಯಲ್ಪಟ್ಟಿತ್ತು. ಹಕ್ಕುಪತ್ರಗಳಲ್ಲಿ ತನ್ನ ಹೆಸರನ್ನು ಸೇರಿಸಬೇಕೆಂದು ಆಕೆಯು ಹೋರಾಡಿಯೇ ಸೇರಿಸಿಕೊಳ್ಳಬೇಕಾಯಿತು. ಡೆನ್ಮಾರ್ಕಿನ ಲೊಟ್ಟೆ ಬ್ಯೆರೆ ಕ್ನುಡ್‌ಸನ್ ಎಂಬಾಕೆಯು ಆ ದ್ರವ್ಯಕ್ಕೆ ಕೊಬ್ಬಿನ ಆಮ್ಲದ ಬಾಲವೊಂದನ್ನು ಜೋಡಿಸಿ ಅದು ರಕ್ತದಲ್ಲಿ ಬಹಳ ಹೊತ್ತು ನಿಲ್ಲುವಂತೆ ಮಾಡಿದ ಕೆಲಸಕ್ಕೆ ನಾಯಕಿಯಾಗಿದ್ದಳು. ಇವರಿಬ್ಬರಿಗೂ ಜೋಯಲ್ ಹ್ಯಾಬೆನರ್ ಎಂಬ ವೈದ್ಯರಿಗೂ 2024ರಲ್ಲಿ ಲಾಸ್ಕರ್ ಪಾರಿತೋಷಕವು ದೊರೆಯಿತು.

ನಡುವೆ ಒಂದು ಹಲ್ಲಿಯ ಕಥೆಯೂ ಇದೆ. ಅಮೇರಿಕಾದ ಮರುಭೂಮಿಯಲ್ಲಿರುವ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಜಿ.ಎಲ್.ಪಿ.-1ನ್ನು ಹೋಲುವ, ಆದರೆ ಬೇಗ ಕರಗದ ವಸ್ತುವನ್ನು ಜಾನ್ ಎಂಗ್ ಎಂಬ ವೈದ್ಯರು ಕಂಡುಹಿಡಿದು 1992ರಲ್ಲಿ ಪ್ರಕಟಿಸಿದರು. ಅದರಿಂದಾದ ಮದ್ದು 2005ರಲ್ಲಿ ಅಮೇರಿಕಾದಲ್ಲಿ ಮಧುಮೇಹಿಗಳಿಗೆ ದೊರೆಯಿತು. ಬಳಿಕ 2010ರಲ್ಲಿ ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಲಿರಾಗ್ಲೂಟೈಡ್, 2017ರಲ್ಲಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲೂಟೈಡ್ ಅಲ್ಲಿ ಬಂದವು. ಇವುಗಳನ್ನು ತೆಗೆದುಕೊಂಡ ಮಧುಮೇಹಿಗಳ ಹಸಿವೆಯೂ ತೂಕವೂ ಇಳಿದದ್ದರಿಂದ ಹೆಚ್ಚಿನ ಪ್ರಮಾಣದಲ್ಲಿ ಸ್ಥೂಲಕಾಯಕ್ಕೂ ಇವು ಮದ್ದಾದವು. ತೂಕಕ್ಕಾಗಿ ಕೊಡುವ ಸೆಮಾಗ್ಲೂಟೈಡ್ ವೆಗೋವಿ ಎಂಬ ಹೆಸರಿನಿಂದ 2025ರ ಜೂನ್ ತಿಂಗಳಲ್ಲಿ ನಮ್ಮ ದೇಶಕ್ಕೆ ಬಂದಿತು.

5. ಮೊಣಕಾಲಿನ ಮೇಲೆ ನಡೆದ ಪರೀಕ್ಷೆ

ಈಗ ಅಕ್ಕನವರ ಪ್ರಶ್ನೆಗೆ ಬರೋಣ. ಈ ಮದ್ದು ಮೊಣಕಾಲಿನ ನೋವನ್ನು ತಗ್ಗಿಸುವದೋ? ಇದನ್ನು ತಿಳಿಯಲು 11 ದೇಶಗಳಲ್ಲಿ 407 ಜನರ ಮೇಲೆ ಒಂದು ಪರೀಕ್ಷೆಯು ನಡೆಯಿತು. ಅದರ ಫಲವು 2024ರ ಅಕ್ಟೋಬರ್ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಸೇರಿದವರಲ್ಲಿ ನೂರಕ್ಕೆ 80ಕ್ಕಿಂತಲೂ ಹೆಚ್ಚು ಮಂದಿ ಹೆಂಗಸರು. ಸರಾಸರಿ ವಯಸ್ಸು 56.

ಪರೀಕ್ಷೆಯ ಕ್ರಮವು ಹೀಗಿತ್ತು. ಚೀಟಿಯೆತ್ತಿದಂತೆ ಜನರನ್ನು ಎರಡು ಗುಂಪಾಗಿ ವಿಂಗಡಿಸಿ, 271 ಮಂದಿಗೆ ವಾರಕ್ಕೊಮ್ಮೆ ಸೆಮಾಗ್ಲೂಟೈಡನ್ನೂ 136 ಮಂದಿಗೆ ಮದ್ದಿಲ್ಲದ ಬರಿಯ ಸೂಜಿಯನ್ನೂ 68 ವಾರಗಳ ವರೆಗೆ ಕೊಟ್ಟರು. ಯಾರಿಗೆ ಯಾವದು ಎಂಬುದು ರೋಗಿಗೂ ತಿಳಿಯದು, ನೋಡುವ ವೈದ್ಯರಿಗೂ ತಿಳಿಯದು. ಎರಡು ಗುಂಪಿನವರಿಗೂ ಮಿತಾಹಾರವನ್ನೂ ವ್ಯಾಯಾಮವನ್ನೂ ಬೋಧಿಸಿದರು. ನೋವನ್ನು ಸೊನ್ನೆಯಿಂದ ನೂರರ ವರೆಗಿನ ಅಂಕಗಳಿಂದ ಅಳೆದರು. ನೂರು ಎಂದರೆ ತಡೆಯಲಾರದ ನೋವು. ಆರಂಭದಲ್ಲಿ ಸರಾಸರಿ ನೋವು ಸುಮಾರು 71 ಅಂಕ.

ಫಲವೇನಾಯಿತು? ಮದ್ದು ಪಡೆದವರ ತೂಕವು ಸರಾಸರಿ ನೂರಕ್ಕೆ 13.7 ಪಾಲು ಇಳಿಯಿತು, ಪಡೆಯದವರದು 3.2 ಪಾಲು. ಮದ್ದು ಪಡೆದವರ ನೋವು 41.7 ಅಂಕ ಇಳಿಯಿತು, ಪಡೆಯದವರದು 27.5 ಅಂಕ. ನಡೆದಾಡುವ ಶಕ್ತಿಯೂ ಮೊದಲನೆಯವರಲ್ಲಿಯೇ ಹೆಚ್ಚಾಗಿ ಸುಧಾರಿಸಿತು. ಆದುದರಿಂದ ಆ ಬೀದಿಯವರ ಮಾತು ಕೇವಲ ಗಾಳಿಸುದ್ದಿಯಲ್ಲ; ಅದರಲ್ಲಿ ಸತ್ಯವುಂಟು.

6. ಆ ಪರೀಕ್ಷೆಯನ್ನು ಓದುವ ಬಗೆ

ಆದರೆ ಉತ್ತರಪತ್ರಿಕೆಯನ್ನು ತಿದ್ದುವವರು ಕೊನೆಯ ಅಂಕವನ್ನು ಮಾತ್ರ ನೋಡಬಾರದು. ನಾಲ್ಕು ಸಂಗತಿಗಳನ್ನು ನಾವು ಗುರುತುಹಾಕಿಕೊಂಡೆವು.

ಮೊದಲನೆಯದು, ಮದ್ದಿಲ್ಲದ ಸೂಜಿಯನ್ನು ಪಡೆದವರ ನೋವೂ 27 ಅಂಕದಷ್ಟು ತಗ್ಗಿತು. ವೈದ್ಯರ ಆರೈಕೆ, ಗುಣವಾಗುವೆನೆಂಬ ನಂಬಿಕೆ, ಮಿತಾಹಾರ, ನಡಿಗೆ, ಮತ್ತು ಏರಿದ ನೋವು ತಾನಾಗಿ ಇಳಿಯುವ ಸ್ವಭಾವ, ಇವೆಲ್ಲಾ ಕೂಡಿ ಮಾಡಿದ ಕೆಲಸವದು. ಮದ್ದಿನ ಸ್ವಂತ ಸಂಪಾದನೆಯು ಎರಡರ ವ್ಯತ್ಯಾಸವಾದ 14 ಅಂಕ ಮಾತ್ರ. ಅದು ಅಲ್ಪವಲ್ಲ, ಆದರೆ ನೆರೆಯವರು ಹೇಳುವಷ್ಟು ದೊಡ್ಡದೂ ಅಲ್ಲ.

ಎರಡನೆಯದು, ಸೇರಿದವರು ಎಂಥವರು? ತೂಕವನ್ನು ಕಿಲೋದಲ್ಲಿ ಬರೆದು, ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ, ಆ ಮೊತ್ತದಿಂದ ತೂಕವನ್ನು ಭಾಗಿಸಿದರೆ ಬರುವ ಅಂಕಕ್ಕೆ ಬಿ.ಎಂ.ಐ. ಎನ್ನುವರು. ಆ ಪರೀಕ್ಷೆಗೆ ಇದು 30ಕ್ಕಿಂತ ಕಡಮೆಯಿದ್ದವರನ್ನು ಸೇರಿಸಲಿಲ್ಲ, ಸರಾಸರಿಯು 40. ನಮ್ಮಲ್ಲಿ ಒಂದೂವರೆ ಮೀಟರ್ ಎತ್ತರದ ಹೆಂಗಸಿನ ಲೆಕ್ಕ ಮಾಡಿರಿ: ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು, ಅದರ ನಲವತ್ತರಷ್ಟು ಎಂದರೆ 90 ಕಿಲೋ. ಆ ಎತ್ತರಕ್ಕೆ 90 ಕಿಲೋ ತೂಗುವವರು ನಮ್ಮ ಕೂಟದಲ್ಲಿ ಎಷ್ಟು ಮಂದಿ? ಭಾರತೀಯರಿಗೆ ಬಿ.ಎಂ.ಐ. 25ನ್ನು ಮುಟ್ಟಿದರೇ, ಅಂದರೆ ಇದೇ ಹೆಂಗಸು 56 ಕಿಲೋ ದಾಟಿದರೇ, ಸ್ಥೂಲಕಾಯವೆಂದು ನಮ್ಮ ವೈದ್ಯರು ಎಣಿಸುವರು. 60 ಕಿಲೋ ತೂಗುವ ಮೊಣಕಾಲು ನೋವಿನ ತಾಯಿಗೆ ಅದೇ ಫಲವಾಗುವದೆಂದು ಈ ಪರೀಕ್ಷೆಯು ಹೇಳುವದಿಲ್ಲ.

ಮೂರನೆಯದು, ನೋವು ತಗ್ಗಿದ್ದು ಭಾರವಿಳಿದದ್ದರಿಂದಲೋ, ಮದ್ದು ಉರಿಯೂತವನ್ನೇ ನೆಟ್ಟಗೆ ತಗ್ಗಿಸಿದ್ದರಿಂದಲೋ ಎಂಬುದನ್ನು ಈ ಪರೀಕ್ಷೆಯಿಂದ ಬೇರ್ಪಡಿಸಲಾಗುವದಿಲ್ಲ. ಡೆನ್ಮಾರ್ಕಿನಲ್ಲಿ 156 ಜನರಿಗೆ ಮೊದಲು ಎಂಟು ವಾರ ಕಟ್ಟುನಿಟ್ಟಾದ ಮಿತಾಹಾರದಿಂದ ತೂಕವನ್ನಿಳಿಸಿ, ಬಳಿಕ ಒಂದು ವರ್ಷ ಲಿರಾಗ್ಲೂಟೈಡನ್ನು ಅಥವಾ ಬರಿಯ ಸೂಜಿಯನ್ನು ಕೊಟ್ಟು ನೋಡಿದರು. 2021ರಲ್ಲಿ ಪ್ರಕಟವಾದ ಆ ಫಲದಂತೆ, ಮದ್ದು ಪಡೆದವರ ತೂಕವು ಇನ್ನಷ್ಟು ಇಳಿದರೂ ನೋವಿನಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ಭೇದವಿರಲಿಲ್ಲ. ಒಂದು ಪರೀಕ್ಷೆಯು ಹೌದೆಂದದ್ದನ್ನು ಮಾತ್ರ ಹೇಳಿ, ಇನ್ನೊಂದು ಇಲ್ಲವೆಂದದ್ದನ್ನು ಮುಚ್ಚಿಡುವದು ಸತ್ಯವಂತರ ಕೆಲಸವಲ್ಲ.

ನಾಲ್ಕನೆಯದು, 407 ಜನರ ಆ ಪರೀಕ್ಷೆಯ ವೆಚ್ಚವನ್ನು ವಹಿಸಿದವರು ಆ ಮದ್ದನ್ನು ತಯಾರಿಸುವ ನೋವೋ ನಾರ್ಡಿಸ್ಕ್ ಕಂಪೆನಿಯವರು. ಇದರಿಂದ ಪರೀಕ್ಷೆಯು ಸುಳ್ಳಾಗುವದಿಲ್ಲ. ಆದರೆ ಓದುವವರು ಈ ಸಂಗತಿಯನ್ನು ಬಲ್ಲವರಾಗಿರಬೇಕು.

7. ಹಳೆಯ ಅಗ್ಗದ ಮಾತ್ರೆ

ಮಧುಮೇಹಿಗಳ ಮನೆಗಳಲ್ಲೆಲ್ಲಾ ಕಾಣುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮಧುಮೇಹಕ್ಕೆ ಕೊಟ್ಟು ಅದರ ಫಲವನ್ನು 1957ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಜಾನ್ ಸ್ಟೆರ್ನ್ ಎಂಬ ವೈದ್ಯರು. ಆಸ್ಟ್ರೇಲಿಯಾದ ಮೆಲ್ಬೋರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ತೂಕ ಹೆಚ್ಚಾಗಿದ್ದು ಮೊಣಕಾಲಿನ ನೋವುಳ್ಳ 107 ಜನರಿಗೆ ಆರು ತಿಂಗಳು ಈ ಮಾತ್ರೆಯನ್ನು ಅಥವಾ ಮದ್ದಿಲ್ಲದ ಮಾತ್ರೆಯನ್ನು ಕೊಟ್ಟು, ಫಲವನ್ನು 2025ರಲ್ಲಿ ಪ್ರಕಟಿಸಿದರು. ನೂರು ಅಂಕಗಳ ಅಳತೆಯಲ್ಲಿ ಮೆಟ್‌ಫಾರ್ಮಿನ್ ಪಡೆದವರ ನೋವು 31 ಅಂಕ, ಉಳಿದವರದು 19 ಅಂಕ ಇಳಿಯಿತು. ಈ ಪರೀಕ್ಷೆಯಲ್ಲಿ ಸೇರಲು ಬಿ.ಎಂ.ಐ. 25 ಇದ್ದರೆ ಸಾಕಾಗಿತ್ತಾದ್ದರಿಂದ ಇದು ನಮ್ಮವರಿಗೆ ಹೆಚ್ಚು ಸಮೀಪ. ಆದರೆ 107 ಜನರೆಂದರೆ ನಮ್ಮ ಶಾಲೆಯ ಎರಡು ತರಗತಿಗಳಷ್ಟೇ. ಇನ್ನೂ ದೊಡ್ಡ ಪರೀಕ್ಷೆಗಳು ನಡೆಯುವ ತನಕ ಇದನ್ನು ಒಳ್ಳೆಯ ಸೂಚನೆಯೆಂದು ಹೇಳಬಹುದು, ತೀರ್ಪೆಂದು ಹೇಳಲಾಗದು. ಮೂತ್ರಪಿಂಡಗಳು ಕೆಟ್ಟವರಿಗೆ ಈ ಮಾತ್ರೆಯು ಆಗದಿರಬಹುದು. ಬಹುಕಾಲ ತಿನ್ನುವವರಲ್ಲಿ ಬಿ-12 ಎಂಬ ಜೀವಸತ್ವವು ಕಡಮೆಯಾಗುವದುಂಟು.

8. ಎಚ್ಚರಿಕೆಯ ಮಾತು

ಕೂಟವಾದ ಕೆಲವು ತಿಂಗಳ ಮೇಲೆ ನಮ್ಮ ಶಾಲೆಯ ಒಬ್ಬ ಹುಡುಗಿಯು ಮೂರು ದಿನ ಬರಲಿಲ್ಲ. ಕಾರಣವನ್ನು ಕೇಳಿದಾಗ ಅವಳು ತಲೆ ತಗ್ಗಿಸಿದಳು. ಬಳಿಕ ಆಕೆಯ ತಾಯಿಯವರೇ ಬಂದು ಎಲ್ಲವನ್ನು ಹೇಳಿದರು. ಇತರರಿಗೆ ಬುದ್ಧಿಯಾಗಲೆಂದು ಇಲ್ಲಿ ಬರೆಯುವದಕ್ಕೆ ಅಪ್ಪಣೆಯನ್ನೂ ಕೊಟ್ಟರು. ಅವರು ಪರಿಚಿತರೊಬ್ಬರಿಂದ ಆ ಸೂಜಿಯ ಪೆನ್ನನ್ನು ಎರವಲು ಪಡೆದು, ವೈದ್ಯರನ್ನು ಕೇಳದೆ ಚುಚ್ಚಿಕೊಂಡಿದ್ದರು. ಈ ಮದ್ದನ್ನು ತೂಕಕ್ಕಾಗಿ ಕೊಡುವಾಗ 0.25 ಮಿಲಿಗ್ರಾಮಿನಿಂದ ಆರಂಭಿಸಿ, ನಾಲ್ಕು ನಾಲ್ಕು ವಾರಗಳಿಗೊಮ್ಮೆ ಏರಿಸುತ್ತಾ ನಾಲ್ಕು ತಿಂಗಳ ಮೇಲೆ 2.4 ಮಿಲಿಗ್ರಾಮಿಗೆ ಮುಟ್ಟಿಸತಕ್ಕದ್ದು. ಪರಿಚಿತರು ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದ ದೊಡ್ಡ ಪ್ರಮಾಣವು ಇವರಿಗೆ ಮೊದಲ ದಿನವೇ ಬಿತ್ತು. ಮೂರು ದಿನ ವಾಂತಿ, ನೀರೂ ನಿಲ್ಲಲಿಲ್ಲ, ಕೊನೆಗೆ ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸಬೇಕಾಯಿತು. ಒಬ್ಬರ ಪೆನ್ನನ್ನು ಮತ್ತೊಬ್ಬರು ಉಪಯೋಗಿಸಿದರೆ, ಸೂಜಿಯನ್ನು ಬದಲಾಯಿಸಿದರೂ, ರಕ್ತದ ಮೂಲಕ ರೋಗಗಳು ಹರಡಬಹುದೆಂಬುದನ್ನು ಅವರು ಅಲ್ಲಿಯೇ ತಿಳಿದರಂತೆ. ತಾಯಿಯ ತಲೆಯನ್ನು ಹಿಡಿದುಕೊಂಡು ಕುಳಿತದ್ದು ಹದಿಮೂರು ವರ್ಷದ ಮಗಳು.

ವೈದ್ಯರ ಅಪ್ಪಣೆಯಿಂದ ತೆಗೆದುಕೊಳ್ಳುವವರಿಗೂ ಓಕರಿಕೆ, ಭೇದಿ, ಮಲಬದ್ಧತೆಗಳು ಉಂಟಾಗಬಹುದು. ಪಿತ್ತಕೋಶದ ಕಲ್ಲು ಉಂಟಾಗುವದೂ, ಅಪರೂಪವಾಗಿ ಮೇದೋಜೀರಕ ಗ್ರಂಥಿಯು ಊದುವದೂ ಉಂಟು. ಗರ್ಭಿಣಿಯರು ಇದನ್ನು ಮುಟ್ಟಬಾರದು. ಗರ್ಭವನ್ನು ಬಯಸುವವರು ಎರಡು ತಿಂಗಳು ಮೊದಲೇ ನಿಲ್ಲಿಸತಕ್ಕದ್ದು. ಇನ್ಸುಲಿನ್ ಮುಂತಾದ ಬೇರೆ ಸಕ್ಕರೆ ಮದ್ದುಗಳ ಸಂಗಡ ಸೇರಿದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ಮೈ ಇಳಿಯುವಾಗ ಕೊಬ್ಬಿನ ಸಂಗಡ ಮಾಂಸಖಂಡವೂ ಇಳಿಯುವದು. ಮೊಣಕಾಲಿಗೆ ಆಸರೆಯಾದ ತೊಡೆಯ ಖಂಡವೇ ಕರಗಿದರೆ ಮದ್ದಿನಿಂದ ಬಂದ ಲಾಭವು ನಷ್ಟವಾದೀತು. ಮೇಲಾಗಿ, ಮದ್ದನ್ನು ನಿಲ್ಲಿಸಿದವರು ಒಂದು ವರ್ಷದೊಳಗೆ ಕಳೆದುಕೊಂಡ ತೂಕದ ಮೂರರಲ್ಲಿ ಎರಡು ಪಾಲನ್ನು ಮರಳಿ ಪಡೆದರೆಂದು 2022ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಆದುದರಿಂದ ಇದು ಒಂದೆರಡು ತಿಂಗಳ ಮದ್ದಲ್ಲ. ಮನೆಯ ಆದಾಯವನ್ನೂ ಮಕ್ಕಳ ಶುಲ್ಕವನ್ನೂ ಲೆಕ್ಕ ಹಾಕಿಯೇ ಆರಂಭಿಸತಕ್ಕದ್ದು.

9. ಮನೆಯಲ್ಲಿ ಮಾಡತಕ್ಕ ಕೆಲಸ

ಅಮೇರಿಕಾದಲ್ಲಿ 454 ಜನರ ಮೇಲೆ ಹದಿನೆಂಟು ತಿಂಗಳು ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಿತಾಹಾರವನ್ನೂ ವ್ಯಾಯಾಮವನ್ನೂ ಕೂಡಿಸಿ ನಡಿಸಿದವರು ಯಾವ ಸೂಜಿಯೂ ಇಲ್ಲದೆ ನೂರಕ್ಕೆ 11 ಪಾಲು ತೂಕವನ್ನಿಳಿಸಿಕೊಂಡರು. ವ್ಯಾಯಾಮ ಮಾತ್ರ ಮಾಡಿದವರಿಗಿಂತ ಅವರ ನೋವು ಕಡಮೆಯಾಯಿತು, ನಡಿಗೆಯು ಚುರುಕಾಯಿತು. ಸೂಜಿ ಪಡೆಯುವವರಿಗೂ ಪಡೆಯದವರಿಗೂ ಇದು ಸಮಾನವಾದ ಪಾಠ.

ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಒಂದು ಕಾಲನ್ನು ಮುಂದಕ್ಕೆ ಚಾಚಿ, ತೊಡೆಯನ್ನು ಬಿಗಿಹಿಡಿದು ಐದು ಎಣಿಸಿ ಇಳಿಸಿರಿ. ಒಂದೊಂದು ಕಾಲಿಗೆ ಹತ್ತು ಸಾರಿ, ಬೆಳಿಗ್ಗೆಯೂ ಸಂಜೆಯೂ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ತರಕಾರಿ ಹೆಚ್ಚುವದನ್ನೂ ಬಟ್ಟೆ ಒಗೆಯುವದನ್ನೂ ಬಿಟ್ಟು ಎತ್ತರವಾದ ಮಣೆ ಅಥವಾ ಮೇಜನ್ನು ಉಪಯೋಗಿಸಿರಿ. ಊರುಗೋಲನ್ನು ನೋಯುವ ಕಾಲಿನ ಕಡೆ ಹಿಡಿಯಬೇಡಿರಿ. ಎದುರು ಕೈಯಲ್ಲಿ ಹಿಡಿದರೆ ಮೊಣಕಾಲಿನ ಭಾರವು ತಗ್ಗುವದು. ಮೆಟ್ಟಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ. ಊಟದಲ್ಲಿ ಅನ್ನವನ್ನೂ ಮುದ್ದೆಯನ್ನೂ ಕಡಮೆಮಾಡಿ, ಬೇಳೆ, ಕಾಳು, ಮೊಟ್ಟೆ, ಮೀನು, ಸೊಪ್ಪುಗಳನ್ನು ಹೆಚ್ಚಿಸಿರಿ. ರಾಗಿಯು ಒಳ್ಳೆಯದೆಂದು ಎರಡು ಮುದ್ದೆ ಉಂಡರೆ ಸಕ್ಕರೆಯು ಏರದೆ ಇರದು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ದಿನವೂ ನುಂಗುವ ಮಧುಮೇಹಿಗಳು ತಮ್ಮ ಮೂತ್ರಪಿಂಡಗಳನ್ನು ಕೆಡಿಸಿಕೊಳ್ಳುವ ಸಂಭವವುಂಟು.

ಗಂಡಂದಿರಿಗೂ ಮಕ್ಕಳಿಗೂ ಒಂದು ಮಾತು. ತಾಯಿಯ ಮೈಯನ್ನು ಕುರಿತು ಹಾಸ್ಯ ಮಾಡುವದರಿಂದ ಒಂದು ತೊಲೆಯೂ ಇಳಿಯುವದಿಲ್ಲ. ಎಲ್ಲರೂ ಉಂಡು ಮಿಕ್ಕದ್ದನ್ನು ಚೆಲ್ಲಬಾರದೆಂದು ತಿನ್ನುವವಳು ಆಕೆಯೇ. ಎಲ್ಲರೂ ಮಲಗಿದ ಮೇಲೆ ಮಲಗುವವಳೂ ಆಕೆಯೇ. ದಿನಕ್ಕೆ ಅರ್ಧ ಗಂಟೆ ನಡೆಯುವಷ್ಟು ಬಿಡುವನ್ನು ಆಕೆಗೆ ಮಾಡಿಕೊಡುವದು ಮನೆಯವರ ಕರ್ತವ್ಯ.

10. ಅಕ್ಕನವರಿಗೆ ಉತ್ತರ

ನಾವು ಇವೆಲ್ಲವನ್ನು ಅಕ್ಕನವರಿಗೆ ಪತ್ರದಲ್ಲಿ ಬರೆದು, ಕೊನೆಯಲ್ಲಿ ವೈದ್ಯರನ್ನು ಕೇಳತಕ್ಕ ಪ್ರಶ್ನೆಗಳನ್ನು ಸೇರಿಸಿದ್ದೆವು. ನನ್ನ ನೋವು ಸವೆತದ ಸಂಧಿವಾತವೋ, ಬೇರೆ ಕೀಲುರೋಗವೋ? ನನ್ನ ತೂಕಕ್ಕೂ ಸಕ್ಕರೆಗೂ ಈ ಸೂಜಿಯು ತಕ್ಕದ್ದೋ? ಪಿತ್ತಕೋಶ, ಮೂತ್ರಪಿಂಡ, ಕಣ್ಣುಗಳನ್ನು ಮೊದಲು ಪರೀಕ್ಷಿಸಬೇಕೋ? ಈಗ ನುಂಗುವ ಮಾತ್ರೆಗಳಲ್ಲಿ ಯಾವದನ್ನು ಕಡಮೆಮಾಡಬೇಕು? ಎಷ್ಟು ಕಾಲ, ಎಷ್ಟು ವೆಚ್ಚ, ನಿಲ್ಲಿಸಿದರೆ ಏನಾಗುವದು?

ಅವರು ಆ ಕಾಗದವನ್ನೇ ಹಿಡಿದುಕೊಂಡು ವೈದ್ಯರ ಬಳಿಗೆ ಹೋದರು. ಪರೀಕ್ಷಿಸಲಾಗಿ ಪಿತ್ತಕೋಶದಲ್ಲಿ ಕಲ್ಲುಗಳಿರುವದು ತಿಳಿದುಬಂದದ್ದರಿಂದ ಸೂಜಿಯು ಸದ್ಯಕ್ಕೆ ಬೇಡವೆಂದು ವೈದ್ಯರು ತೀರ್ಮಾನಿಸಿ, ಮಾತ್ರೆಗಳನ್ನು ಸರಿಪಡಿಸಿ, ತೊಡೆಯ ವ್ಯಾಯಾಮವನ್ನೂ ಊಟದ ಕ್ರಮವನ್ನೂ ಹೇಳಿಕೊಟ್ಟರು. ಮೊದಮೊದಲು ಅವರಿಗೆ ಬಹಳ ನಿರಾಶೆಯಾಯಿತೆಂದು ನಮಗೆ ಬರೆದರು. ಒಂಬತ್ತು ತಿಂಗಳ ಮೇಲೆ ಬಂದ ಪತ್ರದಲ್ಲಿ, "ನಾಲ್ಕು ಕಿಲೋ ಇಳಿದಿದ್ದೇನೆ. ನೋವು ಹೋಗಿಲ್ಲ, ಆದರೆ ಈಗ ಅದು ಯಜಮಾನನಲ್ಲ, ಬಾಡಿಗೆಗಿರುವವನು" ಎಂದಿತ್ತು. ನಾಲ್ಕು ಕಿಲೋ ಎಂದರೆ ಹೆಜ್ಜೆಗೆ ಹದಿನಾರು ಕಿಲೋ ಎಂದು ನಾವು ಲೆಕ್ಕ ಹಾಕಿ ಮರುಪತ್ರ ಬರೆದೆವು.

ಹೊಸ ಮದ್ದುಗಳು ನಿಜವಾಗಿ ಉಪಕಾರಿಗಳು. ತಕ್ಕವರಿಗೆ, ತಕ್ಕ ವೈದ್ಯರಿಂದ ದೊರೆತರೆ ಅವು ಮೂಲೆಹಿಡಿದ ಅನೇಕರನ್ನು ನಡೆಯಿಸಬಲ್ಲವು. ಅವುಗಳನ್ನು ಹಳಿಯುವದೂ ತಪ್ಪು, ಪೂಜಿಸುವದೂ ತಪ್ಪು. ಮದ್ದು ಯಾರಿಗೆ ಆಗುವದೆಂಬುದನ್ನು ವೈದ್ಯರು ನೋಡಲಿ. ಆದರೆ ಮೆಟ್ಟಲುಗಳ ವಿಷಯವು ನಮ್ಮ ಕೈಯಲ್ಲಿದೆ. ಇಷ್ಟು ವರ್ಷ ಮಹಡಿಯ ಮೇಲೆ ಕೂಟವನ್ನು ಸೇರಿಸಿ, ಯಾರು ಕೆಳಗುಳಿದರೆಂದು ಎಣಿಸದೆ ಹೋದದ್ದು ನಮ್ಮದೇ ತಪ್ಪು. ಈ ವರ್ಷದ ಕೂಟವು ಕೆಳಗಿನ ಅಂಗಳದಲ್ಲಿ, ಬೆನ್ನೊರಗುವ ಕುರ್ಚಿಗಳ ಮೇಲೆ ನಡೆಯುವದು. ಜಗಲಿಗೆ ಇಳಿಜಾರನ್ನೂ ಮಹಡಿಯ ಮೆಟ್ಟಲುಗಳ ಎರಡು ಕಡೆಯೂ ಹಿಡಿಕಂಬಿಗಳನ್ನೂ ಹಾಕಿಸಿದ್ದೇವೆ. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿರುವವೋ ಅಷ್ಟೂ ಮುಖಗಳನ್ನು ನಾವು ನಮ್ಮೆದುರಿಗೆ ಕಾಣಬೇಕು. ಅಕ್ಕನವರು ಬರುವೆನೆಂದು ಬರೆದಿದ್ದಾರೆ. ಸಭೆ ಮುಗಿದ ಮೇಲೆ, ಕಂಬಿಯನ್ನು ಹಿಡಿದುಕೊಂಡು ಒಂದೇ ಒಂದು ಸಾರಿ ಮೇಲಕ್ಕೆ ಹೋಗಿ ತಮ್ಮ ಹಳೆಯ ಕಿಟಕಿಯಿಂದ ನೋಡಬೇಕೆಂದು ಅವರ ಆಸೆಯಂತೆ. ನಾವು ಜೊತೆಗೆ ಹತ್ತುವೆವು.